ಚಿನ್ನದ ಹಿಂದೆ ತಿರುಗಿದ ಭಕ್ತ: ಗೂಢ ಪದಬಂಧವನ್ನು ಬಿಡಿಸುವುದು, ವಿಮರ್ಶಿಸುವುದು

ಅಕ್ಕಿಯ ನಡುವೆ ತುಸು ತಿರುವಿದರೆ ಬೆಳಗಿನ ತಿಂಡಿ (4)

ಅಡುಗೆಯ ಸೂಚನೆಯಂತಿದೆ, ಅಲ್ಲವೇ? ಇಡ್ಲಿ, ದೋಸೆ ಎಂದು ಮನಸ್ಸು ಓಡುತ್ತದೆ, ಆದರೆ ಅವೆಲ್ಲ ಎರಡಕ್ಷರದವು. ಉಪ್ಪಿಟ್ಟು ಹಾಕಿದರೆ ಮೂರೇ ಮನೆ ತುಂಬುತ್ತದೆ. ಈಗ ತಿಂಡಿಯ ಯೋಚನೆ ಬಿಟ್ಟು ಅಕ್ಷರಗಳನ್ನು ನೋಡಿ. ‘ತುಸು’ ಎಂದರೆ ಲವ. ಲವಲೇಶ ಎನ್ನುತ್ತೇವಲ್ಲ, ಆ ಲವ. ಅದನ್ನು ತಿರುವಿದರೆ ‘ವಲ’. ‘ಅಕ್ಕಿ’ಯ ಎರಡು ಅಕ್ಷರಗಳ ನಡುವೆ ಅದನ್ನು ಇಟ್ಟರೆ ಅ-ವ-ಲ-ಕ್ಕಿ. ಕೊನೆಯ ಎರಡು ಪದಗಳು ನಿಘಂಟಿನ ಕೆಲಸ ಮಾಡುತ್ತಿದ್ದವು: ಬೆಳಗಿನ ತಿಂಡಿ.

ಗೂಢ ಸುಳಿವು ಎಂದರೆ ಇಷ್ಟೇ. ಒಂದು ಭಾಗ ಉತ್ತರದ ಅರ್ಥ ಹೇಳುತ್ತದೆ, ಇನ್ನೊಂದು ಭಾಗ ಉತ್ತರದ ಅಕ್ಷರಗಳನ್ನು ಕಟ್ಟಿಕೊಡುತ್ತದೆ. ಎರಡನ್ನೂ ಹೊಲಿದು ಒಂದೇ ವಾಕ್ಯವಾಗಿ ಮಾಡಿರುತ್ತಾರೆ, ಹೊಲಿಗೆ ಕಾಣದಂತೆ. ನಮ್ಮ ಕನ್ನಡ ದಿನಪತ್ರಿಕೆಗಳ ಪದಬಂಧದಲ್ಲಿ ಹೆಚ್ಚಿನ ಸುಳಿವುಗಳು ನೇರವಾದವು, ನಡುನಡುವೆ ಇಂಥವು ಬರುತ್ತವೆ. ಇಂಗ್ಲಿಷ್ ಪತ್ರಿಕೆಗಳಲ್ಲಾದರೆ ಇಡೀ ಚೌಕವೇ ಗೂಢ. ಎರಡಕ್ಕೂ ಬೇಕಾದ ಕಣ್ಣು ಒಂದೇ. ಕೆಳಗಿನ ಸುಳಿವುಗಳನ್ನೆಲ್ಲ ಈ ಲೇಖನಕ್ಕೆಂದೇ ಹೆಣೆದಿದ್ದೇನೆ. ಹಾಗಾಗಿ ಅವುಗಳಲ್ಲಿ ಕುಂದು ಕಂಡರೆ ಧಾರಾಳವಾಗಿ ಜಗಳವಾಡಿ. ಲೇಖನದ ಎರಡನೆಯ ಭಾಗ ಇರುವುದೇ ಹಾಗೆ ಜಗಳವಾಡುವುದನ್ನು ಹೇಳಿಕೊಡುವುದಕ್ಕೆ.

ಮೊದಲು ಮನೆ ಎಣಿಸಿ

ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲವೂ ಅದೇ ಅಕ್ಷರದ ಹೆಗಲ ಮೇಲೆ. ‘ನರಗುಂದ’ ಎಂದರೆ ನ-ರ-ಗುಂ-ದ, ನಾಲ್ಕು ಮನೆ. ‘ಹಾನಗಲ್’ನಂಥ ಪದಗಳ ಕೊನೆಯ ಅರ್ಧಾಕ್ಷರಕ್ಕೆ ಬೇರೆ ಮನೆ ಕೊಡುತ್ತಾರೋ ಇಲ್ಲವೋ ಎಂಬುದನ್ನು ಆಯಾ ಪತ್ರಿಕೆಯ ನಿನ್ನೆಯ ಉತ್ತರ ನೋಡಿ ತಿಳಿದುಕೊಳ್ಳಿ. ಹೊಸ ಪತ್ರಿಕೆಯ ಪದಬಂಧ ಹಿಡಿಯುವ ಮುನ್ನ ಹಿಂದಿನ ಒಂದೆರಡು ದಿನಗಳ ಉತ್ತರಗಳನ್ನು ಬರಿದೇ ಓದಿದರೆ ಹೆಣೆಯುವವರ ರೂಢಿ ಗೊತ್ತಾಗುತ್ತದೆ.

ಈ ಅಕ್ಷರದ ನಿಯಮವನ್ನು ಸಡಿಲ ಬಿಟ್ಟರೆ ದಾರಿ ತಪ್ಪುವುದು ಖಂಡಿತ. ‘ಹುಬ್ಬಳ್ಳಿಯೊಳಗೆ ಬಳ್ಳಿ ಇದೆ’ ಎಂದು ಕಿವಿ ಹೇಳುತ್ತದೆ. ಚೌಕದಲ್ಲಿ ಇಲ್ಲ: ಅಲ್ಲಿರುವುದು ‘ಬ್ಬ’, ನಮಗೆ ಬೇಕಾದದ್ದು ‘ಬ’. ಮಾನವನ ಅಕ್ಷರಗಳನ್ನು ಕಲಸಿದರೆ ವಾಮನ ಹುಟ್ಟುತ್ತಾನೆ ಎಂದು ಹಲವರು ನಂಬಿದ್ದಾರೆ. ಅದೂ ಸುಳ್ಳು. ‘ಮಾ’ ಎಲ್ಲಿಗೆ ಹೋದರೂ ‘ಮಾ’ ಆಗಿಯೇ ಹೋಗಬೇಕು, ದೀರ್ಘವನ್ನು ‘ವ’ಗೆ ದಾನ ಮಾಡುವಂತಿಲ್ಲ. ಆದರೆ ‘ಮಗನ’ ಎಂಬ ಮೂರಕ್ಷರ ಕಲಸಿದರೆ ‘ಗಮನ’ ನಿಜಕ್ಕೂ ಸಿಗುತ್ತದೆ, ಹಾಗಾಗಿ ಈ ಸುಳಿವು ನ್ಯಾಯವಾದದ್ದು:

ಮಗನ ಗಲಾಟೆಯಲ್ಲಿ ಲಕ್ಷ್ಯ (3)

‘ಗಲಾಟೆ’ ಇಲ್ಲಿ ಅಕ್ಷರಗಳು ಅಸ್ತವ್ಯಸ್ತ ಆಗಿವೆ ಎಂಬ ಸಂಕೇತ. ಚೆಲ್ಲಾಪಿಲ್ಲಿ, ಗೊಂದಲ, ಕೆದರಿದ, ಅಡ್ಡಾದಿಡ್ಡಿ, ಕುಡಿದ ಇಂಥ ಯಾವ ಪದ ಕಂಡರೂ ಪಕ್ಕದ ಪದದ ಅಕ್ಷರ ಎಣಿಸಿ. ಆವರಣದ ಸಂಖ್ಯೆಗೆ ಹೊಂದಿದರೆ ಪೆನ್ಸಿಲ್ ಎತ್ತಿಕೊಳ್ಳಿ.

ಹೊಲಿಗೆ ಎಲ್ಲಿದೆ?

ಎರಡನೆಯ ಹೆಜ್ಜೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಅರ್ಥದ ಭಾಗ ಎಲ್ಲಿ ಮುಗಿದು ಕಟ್ಟಣೆಯ ಭಾಗ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದು. ಅರ್ಥ ಸುಳಿವಿನ ಒಂದು ತುದಿಯಲ್ಲಿರುತ್ತದೆ, ನಡುವೆ ಎಂದೂ ಇರುವುದಿಲ್ಲ. ಇಂಗ್ಲಿಷ್ ಸುಳಿವಿನಲ್ಲಿ ಅದು ಮೊದಲ ತುದಿಯೋ ಕೊನೆಯ ತುದಿಯೋ ಎಂದು ಎರಡೂ ಕಡೆ ನೋಡಬೇಕು. ಕನ್ನಡದಲ್ಲಿ ನಮಗೆ ಒಂದು ಅನುಕೂಲವಿದೆ. ನಮ್ಮ ವಾಕ್ಯದಲ್ಲಿ ವಿಶೇಷಣಗಳೆಲ್ಲ ನಾಮಪದದ ಮೊದಲೇ ಬಂದು ಸಾಲುಗಟ್ಟುತ್ತವೆ: ‘ಮಾಡಿದ’, ‘ಹೋದ’, ‘ಇರುವ’ ಎಲ್ಲ ಮುಂಚೆ, ಯಾರು ಅಥವಾ ಏನು ಎಂಬುದು ಕಡೆಗೆ. ಹಾಗಾಗಿ ಅರ್ಥ ಹೆಚ್ಚಾಗಿ ಬಾಲದಲ್ಲೇ ಇರುತ್ತದೆ. ಸುಳಿವನ್ನು ಕೊನೆಯಿಂದ ಓದುವ ಅಭ್ಯಾಸ ಮಾಡಿಕೊಳ್ಳಿ.

ಇದನ್ನು ನೋಡಿ:

ಚಿನ್ನದ ಹಿಂದೆ ಸದಾ ತಿರುಗಿದ ಕಾಗಿನೆಲೆಯ ಭಕ್ತ (5)

ಓದಿದ ಕೂಡಲೇ ಸಿಟ್ಟು ಬರಬೇಕು. ಚಿನ್ನದ ಹಿಂದೆ ತಿರುಗಿದನೇ ಅವನು? ಆ ಸಿಟ್ಟೇ ಹೆಣೆದವನಿಗೆ ಬೇಕಾದದ್ದು. ನಾವು ವಾಕ್ಯವನ್ನು ವಾಕ್ಯವಾಗಿ ಓದುತ್ತ ಕುಳಿತರೆ ಅವನು ಗೆದ್ದ. ಬಾಲದಿಂದ ಬನ್ನಿ. ‘ಕಾಗಿನೆಲೆಯ ಭಕ್ತ’ ಅರ್ಥ. ‘ಚಿನ್ನ’ ಎಂದರೆ ಕನಕ. ‘ಸದಾ’ ತಿರುಗಿದರೆ ಸ-ದಾ ಹೋಗಿ ದಾ-ಸ. ಕನಕದ ಹಿಂದೆ ದಾಸ ಬಂದರೆ ಕನಕದಾಸ. ಹೂತಿಟ್ಟಿದ್ದ ಹೊನ್ನು ಸಿಕ್ಕಿದ್ದರಿಂದ ಕನಕ ಎಂಬ ಹೆಸರು ಬಂತೆಂಬ ಐತಿಹ್ಯವೂ ಇದೆ. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಒಗಟಿನಂಥ ಮುಂಡಿಗೆಗಳನ್ನು ಹಾಡಿದವನ ಮೇಲೇ ಒಂದು ಒಗಟು ಕಟ್ಟುವುದು ಅಪಚಾರವಲ್ಲ ಎಂದುಕೊಂಡಿದ್ದೇನೆ.

ಗಮನಿಸಿ, ‘ಚಿನ್ನದ’ ಎಂಬಲ್ಲಿನ ಷಷ್ಠಿ ವಿಭಕ್ತಿಯನ್ನು ನಾವು ಕಳಚಿದೆವು. ಕಟ್ಟಣೆಯಲ್ಲಿ ಸಮಾನಾರ್ಥಕ ಪದ ಹುಡುಕುವಾಗ ವಿಭಕ್ತಿ ಕಳಚಬೇಕು. ಅಕ್ಷರಗಳನ್ನೇ ನೇರವಾಗಿ ಬಳಸುವ ಸುಳಿವಿನಲ್ಲಿ ಕಳಚಬಾರದು. ‘ಮಗನ’ದಲ್ಲಿನ ‘ನ’ ಕಳಚಿದ್ದರೆ ಗಮನ ಸಿಗುತ್ತಲೇ ಇರಲಿಲ್ಲ. ಯಾವಾಗ ಯಾವುದು ಎಂದು ಮೊದಮೊದಲು ಗೊಂದಲವಾಗುತ್ತದೆ. ಆವರಣದ ಸಂಖ್ಯೆಯೇ ಅಲ್ಲಿ ಪಂಚ.

ಹೆಣೆಯುವವರ ಚೀಲದಲ್ಲಿ ಏನಿದೆ

ತಿರುಗಿಸುವುದು ಎಲ್ಲಕ್ಕಿಂತ ಸುಲಭ, ಕನ್ನಡಕ್ಕೆ ಚೆನ್ನಾಗಿ ಒಗ್ಗಿದ್ದು. ‘ಕತ್ತಲು ಹಿಮ್ಮೆಟ್ಟಿದ ಮೇಲೆ ಓಟು (2)’: ತಮ ತಿರುಗಿ ಮತ. ‘ತಿರುಗಿ ಬಂದ ದಿನ ಹೊಳೆ (2)’: ನದಿ. ಹಿಂದಿರುಗಿ, ಮರಳಿ, ಬೆನ್ನು ಹಾಕಿ ಎಂಬವೆಲ್ಲ ಇದರ ಸಂಕೇತಗಳು. ಎತ್ತ ತಿರುಗಿಸಿದರೂ ಬದಲಾಗದ ಪದಗಳೂ ಇವೆ, ‘ಎರಡೂ ಕಡೆಯಿಂದ ತಲುಪಬಹುದಾದ ವೀರನಾರಾಯಣನ ಊರು (3)’ ಎಂದರೆ ಗದಗ ಎಂದು ಥಟ್ಟನೆ ಹೊಳೆಯಬೇಕು.

ಅಡಗಿಸುವುದು ಇನ್ನೊಂದು. ‘ಪುಸ್ತಕ ಮಲಗಿ ಓದಿದವನ ಒಳಗೆ ಅರಳಿದ ತಾವರೆ (3)’. ಪುಸ್ತ-ಕ ಮಲ-ಗಿ. ಪದಗಳ ನಡುವಿನ ಖಾಲಿ ಜಾಗವನ್ನು ಕಣ್ಣು ಗೋಡೆ ಎಂದು ತಿಳಿಯುತ್ತದೆ, ಅದನ್ನು ಕೆಡವಿದರೆ ಕಮಲ ಕಾಣುತ್ತದೆ. ಒಳಗೆ, ನಡುವೆ, ಉದರದಲ್ಲಿ, ನುಂಗಿ ಎಂಬ ಸಂಕೇತಗಳು ಅಡಗಿಸುವುದಕ್ಕೂ ಆಗಬಹುದು, ಅವಲಕ್ಕಿಯಂತೆ ಒಂದರೊಳಗೆ ಇನ್ನೊಂದನ್ನು ತುರುಕುವುದಕ್ಕೂ ಆಗಬಹುದು. ಮೊದಲು ಅಡಗಿದೆಯೇ ನೋಡಿ, ಅದಕ್ಕೆ ಯೋಚನೆ ಬೇಡ, ಕಣ್ಣು ಸಾಕು.

ಕತ್ತರಿಸುವುದು: ‘ಯುದ್ಧದಲ್ಲಿ ತಲೆ ಹೋದರೂ ನಿಂತಿರುವ ವೃಕ್ಷ (2)’ ಎಂದರೆ ಸಮರದ ತಲೆ ಹಾರಿಸಿ ಮರ. ‘ಹೃದಯವಿಲ್ಲದ ಕರಡಿ, ಕತ್ತರಿಸು! (2)’ ಎಂದರೆ ನಡುವಣ ‘ರ’ ತೆಗೆದು ಕಡಿ.

ಎರಡು ಅರ್ಥ ಮಾತ್ರ ಇದ್ದು ಕಟ್ಟಣೆಯೇ ಇಲ್ಲದ ಸುಳಿವುಗಳು ಚಿಕ್ಕವಾಗಿರುತ್ತವೆ. ‘ರಾಜನನ್ನು ಹುಡುಕು (3)’: ಅರಸು. ‘ಮಿನುಗು, ನದಿ (2)’: ಹೊಳೆ. ಎರಡು ಮೂರು ಪದಗಳ ಸುಳಿವು ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಬರೀ ಓದಿನ ದಿಕ್ಕು ತಪ್ಪಿಸುವಂಥವೂ ಉಂಟು: ‘ಕುಳಿತಲ್ಲೇ ಊರೂರು ತಿರುಗುವವನು (3)’. ಬಸ್ಸಿನ ಚಾಲಕ.

ಇನ್ನು ಒಂದೇ ಅಕ್ಷರ ಬೇಕಾದಾಗ ಏನು ಮಾಡುತ್ತಾರೆ? ಇಂಗ್ಲಿಷಿನವರಿಗೆ ದಿಕ್ಕುಗಳು, ರೋಮನ್ ಅಂಕಿಗಳು, ಸಂಕ್ಷಿಪ್ತ ರೂಪಗಳು ಇವೆ. ನಮಗೆ ಸರಿಗಮ ಇದೆ. ಮಲ್ಲಿಕಾರ್ಜುನ ಮನಸೂರರ ಧಾರವಾಡ, ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ ಇವುಗಳ ನಡುವೆ ಓಡಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ‘ಆರೋಹಣದ ಮೊದಲೆರಡು ಸ್ವರ ತಪ್ಪಿಲ್ಲ (2)’: ಸರಿ. ‘ಮಧ್ಯಮದಿಂದ ಗಾಂಧಾರಕ್ಕೆ ಇಳಿದ ಕುಮಾರ (2)’: ಮಗ. ಷಡ್ಜ, ರಿಷಭ, ಪಂಚಮ ಎಂಬ ಪದ ಎಲ್ಲೇ ಕಂಡರೂ ಹಾಡನ್ನು ಮರೆತು ಒಂದಕ್ಷರ ಬರೆದುಕೊಳ್ಳಿ.

ಇದರ ಜೊತೆಗೆ ಚಿಕ್ಕ ಪರ್ಯಾಯಗಳ ಒಂದು ದಾಸ್ತಾನು ಬೇಕು. ಆನೆಗೆ ಗಜ, ಕರಿ, ಬೆಟ್ಟಕ್ಕೆ ಗಿರಿ, ನಗ, ಕೈಗೂ ತೆರಿಗೆಗೂ ಕರ, ಕತ್ತೆಗೆ ಖರ, ನೀರಿಗೆ ಜಲ, ವಾರಿ, ರಾಮನ ಮಗನಿಗೆ ಲವ, ಕುಶ. ಕೊಟ್ಟಿಗೆಯ ಪದಗಳಿಗಿಂತ ಪುರಾಣದ ಪದಗಳೇ ಹೆಣೆಯುವವರಿಗೆ ಹೆಚ್ಚು ಇಷ್ಟ, ಕಾರಣ ಸರಳ: ಎರಡಕ್ಷರದ ಸಂಸ್ಕೃತ ಪದಗಳು ಎಲ್ಲಿ ಬೇಕಾದರೂ ಕೂಡುತ್ತವೆ.

ಸಂಧಿ ಎಂಬ ನಮ್ಮದೇ ತಂತ್ರ

ಇಂಗ್ಲಿಷ್ ಪದಬಂಧದಲ್ಲಿ ಒಂದೇ ರೀತಿ ಕೇಳಿಸುವ, ಬೇರೆ ಬೇರೆ ಕಾಗುಣಿತದ ಪದಗಳ ಮೇಲೆ ಕಟ್ಟಿದ ಸುಳಿವುಗಳು ಬೇಕಾದಷ್ಟು. ‘ಕೇಳಿದಂತೆ’, ‘ರೇಡಿಯೋದಲ್ಲಿ’ ಎಂಬ ಸಂಕೇತ ಕೊಟ್ಟು ಕಿವಿಗೆ ಬಲೆ ಬೀಸುತ್ತಾರೆ. ನಮ್ಮಲ್ಲಿ ಆ ಆಟ ಹೆಚ್ಚು ನಡೆಯುವುದಿಲ್ಲ, ನುಡಿದಂತೆ ಬರೆಯುತ್ತೇವಲ್ಲ. ಆ ನಷ್ಟವನ್ನು ಸಂಧಿ ತುಂಬಿಕೊಡುತ್ತದೆ. ಇದರ ಮೇಲೆ ಕನ್ನಡದ ಹೆಣೆಯುವವರು ಇನ್ನೂ ಕೈ ಮಾಡಬೇಕು ಎಂಬುದು ನನ್ನ ಬಹುದಿನದ ತಕರಾರು.

ಸರ್ಪದ ಜೊತೆ ಹತ್ತಿ, ಏಲಕ್ಕಿ ಹಾರದ ಊರು (3)

ಬ್ಯಾಡಗಿ ಮೆಣಸಿನಕಾಯಿ, ಹತ್ತಿ ಬೆಳೆಯುವ ಸೀಮೆಯವರು ಇಲ್ಲಿ ಹತ್ತಿಯನ್ನು ಹತ್ತಿ ಎಂದೇ ಓದುತ್ತಾರೆ. ಅದು ಬೆಳೆಯಲ್ಲ, ಕ್ರಿಯೆ: ಹತ್ತಿ ಎಂದರೆ ಏರಿ. ಹಾವು, ಏರಿ. ಲೋಪಸಂಧಿಯಲ್ಲಿ ‘ವು’ವಿನ ಉಕಾರ ಬಿದ್ದುಹೋಗಿ ಹಾವೇರಿ. ಅಕ್ಷರಗಳನ್ನು ಮಾತ್ರ ಪಕ್ಕಪಕ್ಕ ಜೋಡಿಸುವವನಿಗೆ ‘ಹಾವುಏರಿ’ ಎಂಬ ನಾಲ್ಕಕ್ಷರ ಸಿಗುತ್ತದೆ, ಮನೆ ಮೂರೇ. ಹಾಗೆ ಒಂದು ಮನೆ ಕಡಿಮೆ ಬಿದ್ದಾಗ, ಎರಡನೆಯ ತುಂಡು ಸ್ವರದಿಂದ ಶುರುವಾಗಿದ್ದಾಗ, ಲೋಪಸಂಧಿ ಎಂದು ತಿಳಿಯಿರಿ. ಆಗಮಸಂಧಿಯಲ್ಲಿ ‘ಯ’ವೋ ‘ವ’ವೋ ಎಲ್ಲಿಂದಲೋ ಬಂದು ಸೇರಿರುತ್ತದೆ. ಆದೇಶಸಂಧಿ ಎಲ್ಲಕ್ಕಿಂತ ಮೋಸದ್ದು. ಮಳೆಯ ಜೊತೆ ಕಾಲ ಸೇರಿದರೆ ಮಳೆಗಾಲ. ‘ಕಾ’ ಅನ್ನು ಹುಡುಕುತ್ತ ಕುಳಿತವನಿಗೆ ‘ಗಾ’ ಕಾಣುವುದೇ ಇಲ್ಲ. ಅಡ್ಡ ಬಂದ ಪದದಿಂದ ‘ಗಾ’ ಸಿಕ್ಕಿ ‘ಕಾ’ ಬೇಕೆನಿಸಿದರೆ, ‘ಬ’ ಸಿಕ್ಕಿ ‘ಪ’ ಬೇಕೆನಿಸಿದರೆ, ಬರೆದದ್ದನ್ನು ಅಳಿಸುವ ಮೊದಲು ಶಾಲೆಯ ವ್ಯಾಕರಣ ನೆನಪಿಸಿಕೊಳ್ಳಿ.

ಯಾವ ಕ್ರಮದಲ್ಲಿ?

ಒಂದನೆಯ ಸುಳಿವಿನಿಂದ ಶುರು ಮಾಡಬೇಕೆಂಬ ಕಟ್ಟಳೆ ಇಲ್ಲ. ಎಲ್ಲ ಸುಳಿವುಗಳನ್ನೂ ಒಮ್ಮೆ ಓದಿ, ಕಣ್ಣಿಗೇ ಸಿಗುವ ಅಡಗಿದ ಪದ, ತಿರುಗಿದ ಪದಗಳನ್ನು ಮೊದಲು ತುಂಬಿ. ಆಮೇಲೆ ಅವುಗಳನ್ನು ಹಾದುಹೋಗುವ ಪದಗಳಿಗೆ ಬನ್ನಿ. ಕನ್ನಡದಲ್ಲಿ ಅಡ್ಡ ಸಿಕ್ಕ ಒಂದು ಅಕ್ಷರದ ಬೆಲೆ ಬಹಳ. ಇಂಗ್ಲಿಷ್ ಚೌಕದಲ್ಲಿ ಒಂದು ‘ಇ’ ಸಿಕ್ಕರೆ ಏನೂ ಸಿಕ್ಕಂತಲ್ಲ. ಕನ್ನಡದಲ್ಲಿ ‘ಣ್ಣಿ’ ಎಂಬುದು ಎರಡನೆಯ ಮನೆಯಲ್ಲಿ ಕುಳಿತರೆ ನಾಲ್ಕಕ್ಷರದ ಊರು ಅಣ್ಣಿಗೇರಿ ಎಂದು ಅರ್ಧ ಗೊತ್ತಾದಂತೆಯೇ. ಆ ಕಾರಣಕ್ಕೇ ತಪ್ಪು ಅಕ್ಷರ ಒಂದು ಕೂತರೆ ಸುತ್ತಲಿನ ಮೂಲೆ ಇಡಿಯಾಗಿ ಕೆಡುತ್ತದೆ. ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಬರೆದ ಉತ್ತರದ ಪಕ್ಕ ಒಂದು ಚುಕ್ಕೆ ಇಡಿ. ಕಟ್ಟಣೆ ಪೂರ್ತಿ ಬಿಡಿಸಿದ ಮೇಲೆ ಆ ಚುಕ್ಕೆ ಅಳಿಸಿ. ಮೂಲೆಯೊಂದು ಸಿಕ್ಕಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಚುಕ್ಕೆಯ ಉತ್ತರಗಳನ್ನು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವವರು ಪತ್ರಿಕೆಯನ್ನು ಎಂಟು ಮಡಿಕೆ ಮಾಡಿ ಪದಬಂಧ ಮಾತ್ರ ಮೇಲೆ ಬರುವಂತೆ ಹಿಡಿದಿರುವುದನ್ನು ನೋಡಿರುತ್ತೀರಿ. ಒಳ್ಳೆಯ ಪದ್ಧತಿ. ಇಳಿಯುವ ಹೊತ್ತಿಗೆ ಮುಗಿಯದಿದ್ದರೆ ಮಡಿಚಿ ಇಡಿ. ಬೆಳಿಗ್ಗೆ ಕಲ್ಲಿನಂತಿದ್ದ ಸುಳಿವು ಸಂಜೆ ಗಿರ್ಮಿಟ್ ಪೊಟ್ಟಣ ಬಿಚ್ಚುವಾಗ ತಾನಾಗಿ ಬಿಚ್ಚಿಕೊಳ್ಳುವುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಸಂಗತಿ. ಬೆಳಗಿನ ತಪ್ಪು ಓದು ಮರೆತುಹೋಗಿ ವಾಕ್ಯ ಹೊಸದಾಗಿ ಕಾಣುತ್ತದೆ, ಅಷ್ಟೇ.

ವೇಗದ ಹುಚ್ಚು ಹಿಡಿಸಿಕೊಳ್ಳಬೇಡಿ. 1942ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆ 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ಇಟ್ಟಿತ್ತು, ಅದರಲ್ಲಿ ಭಾಗವಹಿಸಿದ ಕೆಲವರಿಗೆ ಬ್ಲೆಚ್ಲಿ ಪಾರ್ಕಿನ ಗುಪ್ತಲಿಪಿ ಕೇಂದ್ರದಿಂದ ಕರೆ ಬಂತು. ನಮಗೆ ಅಂಥ ಯಾವ ಕರೆಯೂ ಬರುವ ಸಂಭವವಿಲ್ಲವಾದ್ದರಿಂದ ನಿಧಾನವಾಗಿ ಮಾಡಬಹುದು.

ನಿಘಂಟು ನೋಡಬಹುದೇ? ನೋಡಿ, ಆದರೆ ಕಟ್ಟಣೆಯಿಂದ ಒಂದು ಪದ ಸಿಕ್ಕಿ ಅಂಥ ಪದ ಇದೆಯೇ ಎಂದು ಖಚಿತಪಡಿಸಿಕೊಳ್ಳಲು ನೋಡಿ. ಹಳೆಯ ಪದಗಳಿಗೆ 1894ರ ಕಿಟೆಲ್ ನಿಘಂಟು ಇಂದಿಗೂ ಕೈಬಿಡುವುದಿಲ್ಲ; ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಗ್ರಂಥಾಲಯದಲ್ಲಿ ಸಿಗುತ್ತವೆ. ಉತ್ತರವನ್ನು ಮೊಬೈಲಿನಲ್ಲಿ ಹುಡುಕಿ ತುಂಬುವವರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಇಂಗ್ಲಿಷ್ ಚೌಕಕ್ಕೆ ಹೋಗುವವರಿಗೆ

1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಪದಬಂಧದ ಸುಳಿವುಗಳು ನೇರವಾಗಿದ್ದವು. ಗೂಢತೆ ಸೇರಿಸಿದವರು 1920ರ ದಶಕದ ಬ್ರಿಟಿಷರು. ಹುಬ್ಬಳ್ಳಿಯಲ್ಲಿ ಓದುವವರಿಗೆ ಹತ್ತಿರದ್ದು ‘ದಿ ಹಿಂದೂ’ ಪತ್ರಿಕೆಯ ಗೂಢ ಪದಬಂಧ. ಅದರ ಹೆಣೆಯುವವರು ಗ್ರಿಡ್‌ಮನ್, ಆರ್ಡೆನ್ ಎಂಬಂಥ ಗುಪ್ತನಾಮಗಳಲ್ಲಿ ಬರೆಯುತ್ತ ಬಂದವರು. ಒಬ್ಬರದನ್ನೇ ಸತತವಾಗಿ ಬಿಡಿಸಿದರೆ ಅವರ ನಡಿಗೆ ತಿಳಿಯುತ್ತದೆ, ಕಲಿಯುವವರಿಗೆ ಅದೇ ಹತ್ತಿರದ ದಾರಿ.

ಕನ್ನಡದವರು ಅಲ್ಲಿ ಎಡವುವುದು ಒಂದೇ ಕಡೆ. ನಾವು ಪದವನ್ನು ಉಚ್ಚಾರದಲ್ಲಿ ಒಡೆಯುತ್ತೇವೆ, ಅಲ್ಲಿ ಕಾಗುಣಿತದಲ್ಲಿ ಒಡೆಯಬೇಕು. ಮೊದಲ ಒಂದೆರಡು ತಿಂಗಳು ಅಕ್ಷರಗಳನ್ನು ಒಂದು ವೃತ್ತದಲ್ಲಿ ಬರೆದುಕೊಂಡೇ ಕಲಸಿ, ಬಾಯಲ್ಲಿ ಹೇಳಿಕೊಳ್ಳಬೇಡಿ. ಮಿಕ್ಕ ರೂಢಿಗಳನ್ನು ದಾರಿಯಲ್ಲಿ ಕಲಿಯಬಹುದು: ನಾವಿಕ ಎಂದರೆ ‘ಟಾರ್’, ಕೆಲಸಗಾರ ಎಂದರೆ ‘ಆಂಟ್’ ಅಥವಾ ‘ಬೀ’, ‘ಫ್ಲವರ್’ ಎಂದರೆ ಹೂವಲ್ಲ, ಹರಿಯುವುದು, ಅಂದರೆ ನದಿ.

ಬಿಡಿಸಿದ ಮೇಲೆ: ವಿಮರ್ಶೆ

ಚೌಕ ತುಂಬಿದ ಮಾತ್ರಕ್ಕೆ ಪದಬಂಧ ಬಿಡಿಸಿದಂತಾಗಲಿಲ್ಲ. ಪ್ರತಿ ಸುಳಿವಿನ ಪ್ರತಿಯೊಂದು ಪದವೂ ಅಲ್ಲೇಕೆ ಇದೆ ಎಂದು ಹೇಳಲು ಬಂದಾಗ ಬಿಡಿಸಿದಂತೆ. ಅದಕ್ಕೊಂದು ನೋಟ್‌ಬುಕ್ ಇಡಿ. ದಿನದ ಎಲ್ಲ ಸುಳಿವುಗಳೂ ಬೇಡ, ಮೂರು ನಾಲ್ಕು ಸಾಕು: ಕಾಡಿದ್ದು, ಮೆಚ್ಚಿದ್ದು, ಅನುಮಾನ ಬಂದದ್ದು. ಸುಳಿವನ್ನು ಇದ್ದ ಹಾಗೆಯೇ ಬರೆದು ಅರ್ಥದ ಭಾಗಕ್ಕೆ ಕೆಳಗೆರೆ ಎಳೆಯಿರಿ. ಸಂಕೇತದ ಪದವನ್ನು ಸುತ್ತಿ. ಅಕ್ಷರ ಕೊಡುವ ಪದಗಳ ಮೇಲೆ ಅವು ಕೊಟ್ಟ ಅಕ್ಷರ ಬರೆಯಿರಿ. ಆಮೇಲೆ ಯಾವ ಗುರುತೂ ಬೀಳದೆ ಉಳಿದ ಪದಗಳನ್ನು ನೋಡಿ. ವಿಮರ್ಶೆ ಇರುವುದು ಆ ಉಳಿಕೆಯಲ್ಲಿ.

ನನ್ನದೇ ಒಂದನ್ನು ತೆಗೆದುಕೊಳ್ಳಿ: ‘ಚೆಲ್ಲಾಪಿಲ್ಲಿಯಾದ ದವನ ಕಂಡು ಅರಳಿದ ಮುಖ (3)’. ದವನ ಕಲಸಿ ವದನ. ಓದಲು ಚೆಂದ. ‘ಕಂಡು ಅರಳಿದ’ ಏನು ಮಾಡುತ್ತಿದೆ? ಏನೂ ಇಲ್ಲ, ವಾಕ್ಯವನ್ನು ಅಂದಗಾಣಿಸಲು ತಂದು ಕೂರಿಸಿದ್ದು. ಬ್ರಿಟನ್ನಿನ ‘ದಿ ಅಬ್ಸರ್ವರ್’ ಪತ್ರಿಕೆಗೆ ಕ್ಸಿಮಿನೀಸ್ ಎಂಬ ಗುಪ್ತನಾಮದಲ್ಲಿ ಪದಬಂಧ ಹೆಣೆಯುತ್ತಿದ್ದ ಡೆರಿಕ್ ಸಾಮರ್‌ಸೆಟ್ ಮ್ಯಾಕ್‌ನಟ್ 1966ರಲ್ಲಿ ಬರೆದ ನಿಯಮದ ತಿರುಳು ಇದೇ: ನಿಖರವಾದ ಅರ್ಥ, ನ್ಯಾಯವಾದ ಕಟ್ಟಣೆ, ಇವೆರಡನ್ನು ಬಿಟ್ಟು ಬೇರೇನೂ ಇರಬಾರದು. ಅವನ ತಕ್ಕಡಿಯಲ್ಲಿ ನನ್ನ ದವನ ಅನುತ್ತೀರ್ಣ. ಕಮಲದ ಸುಳಿವಿನ ‘ಅರಳಿದ’ವೂ ಹಾಗೆಯೇ ಎನ್ನುತ್ತೀರಾ? ತಾವರೆಗೆ ಅದು ವಿಶೇಷಣವಾಗಿ ನಿಲ್ಲುತ್ತದೆ, ಕ್ಷಮಿಸಬಹುದು ಎಂಬುದು ನನ್ನ ವಾದ.

ಉಳಿಕೆ ಪದದ ನಂತರ ಸಂಕೇತವನ್ನು ಪರೀಕ್ಷಿಸಿ. ಎಡದಿಂದ ಬಲಕ್ಕೆ ಹೋಗುವ ಪದಕ್ಕೆ ‘ತಲೆಕೆಳಗಾದ’ ಎಂದು ಕೊಟ್ಟಿದ್ದರೆ ಅದು ತಪ್ಪು, ಮಲಗಿರುವ ಪದಕ್ಕೆ ಮೇಲು ಕೆಳಗು ಎಲ್ಲಿಂದ ಬರಬೇಕು? ‘ತಿರುಗಿದ’ ಎಂಬುದನ್ನು ಒಮ್ಮೆ ಹಿಂದುಮುಂದು ಮಾಡಲು, ಇನ್ನೊಮ್ಮೆ ಕಲಸಲು ಬಳಸಿದ್ದರೆ ಬರೆದುಕೊಳ್ಳಿ. ಉತ್ತರದ ಧಾತುವೇ ಸುಳಿವಿನಲ್ಲೂ ಇದ್ದರೆ ಅದು ಸೋಮಾರಿತನ. ಎರಡು ಅಪರೂಪದ ಪದಗಳು ಒಂದೇ ಮನೆಯಲ್ಲಿ ಸೇರಿ, ಎರಡೂ ಗೊತ್ತಿಲ್ಲದವನಿಗೆ ಊಹೆಯೊಂದೇ ಉಳಿಯುವಂತಿದ್ದರೆ ಅದು ಚೌಕದ ದೋಷ, ನಿಮ್ಮದಲ್ಲ.

ಎಲ್ಲ ತಕರಾರುಗಳೂ ಇಷ್ಟು ಸುಲಭವಾಗಿ ತೀರುವುದಿಲ್ಲ. ಕನಕದಾಸನ ಸುಳಿವನ್ನು ವಾಚನಾಲಯದಲ್ಲಿ ನಿವೃತ್ತ ಕನ್ನಡ ಮಾಸ್ತರರೊಬ್ಬರಿಗೆ ತೋರಿಸಿದೆ. ಉತ್ತರ ಹೇಳಲು ಅವರಿಗೆ ಹೊತ್ತು ಹಿಡಿಯಲಿಲ್ಲ, ಒಪ್ಪಲು ಮಾತ್ರ ಅವರು ಸಿದ್ಧರಿರಲಿಲ್ಲ.

“ತಮ್ಮಾ, ಪ್ರಕೃತಿಯ ಮುಂದೆ ಪ್ರತ್ಯಯ ಬರುತ್ತದೆ ಎಂದು ನಾನು ಜೀವಮಾನವೆಲ್ಲ ಕಲಿಸಿದ್ದೇನೆ. ಮುಂದೆ ಎಂದರೆ ಬಲಕ್ಕೆ. ಹಾಗಾದರೆ ಹಿಂದೆ ಎಂದರೆ ಎಡಕ್ಕೆ. ನಿನ್ನ ಸುಳಿವಿನ ಪ್ರಕಾರ ದಾಸಕನಕ ಆಗಬೇಕು.”

“ಮಾಸ್ತರರೇ, ದಿಂಡಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವಾಗ ಹಿಂದಿನವರು ಆಮೇಲೆ ತಾನೇ ಬರುವುದು?”

“ಅದು ನಡಿಗೆ. ಇದು ಬರವಣಿಗೆ.”

ಇಬ್ಬರೂ ಸೋಲಲಿಲ್ಲ. ನನ್ನ ತೀರ್ಮಾನ ಇದು: ವ್ಯಾಕರಣದ ಸುಳಿವಿನಲ್ಲಿ ಮಾಸ್ತರರ ‘ಹಿಂದೆ’ ಸರಿ, ಮನುಷ್ಯರು ಓಡಾಡುವ ಸುಳಿವಿನಲ್ಲಿ ನನ್ನ ‘ಹಿಂದೆ’ ಸರಿ, ಅಡ್ಡ ಹಾಯುವ ಪದವೊಂದು ಮೊದಲ ಮನೆಯ ‘ಕ’ ಕೊಡುವಂತಿದ್ದರೆ ಮಾತ್ರ ಈ ಪದ ಬಳಸಬೇಕು. ಇಂಥ ವಾದಗಳನ್ನು ದಿನಾಂಕ ಹಾಕಿ ಬರೆದಿಡಿ. ಸ್ವರಗಳ ಬಗ್ಗೆಯೂ ಒಂದು ವಾದ ಕಾದಿದೆ: ‘ಸಪ್ತಸ್ವರಗಳ ಕೊನೆಯೆರಡರಲ್ಲಿ ಕೇಳಿದ ಕಂಠ (2)’ ಎಂದರೆ ದನಿ ಎಂದು ನಾನು ಬರೆದರೆ, ಧೈವತಕ್ಕೆ ಮಹಾಪ್ರಾಣ ಬೇಡವೇ ಎಂದು ಗಾಯಕರು ಕೇಳಿಯೇ ಕೇಳುತ್ತಾರೆ. ‘ಸರಿಗಮಪದನಿ’ ಎಂದು ಬರೆಯುವ ರೂಢಿ ನನ್ನ ಬೆನ್ನಿಗಿದೆ, ಶಾಸ್ತ್ರ ಅವರ ಬೆನ್ನಿಗಿದೆ.

ವಿಮರ್ಶೆಯನ್ನು ಗೆಳೆಯರ ಗುಂಪಿಗೆ ಕಳುಹಿಸುವುದಾದರೆ ಅಂದೇ ಉತ್ತರ ಒಡೆಯಬೇಡಿ. ‘ಹತ್ತಿಯನ್ನು ಹೊಲದಲ್ಲಿ ಹುಡುಕಬೇಡಿ’ ಎಂಬಂಥ ಅರೆ ಸುಳಿವು ಬೆಳಿಗ್ಗೆ ಕೊಡಿ, ಪೂರ್ತಿ ಬಿಡಿಸಿದ್ದನ್ನು ಮರುದಿನ ಪತ್ರಿಕೆಯ ಉತ್ತರ ಬಂದ ಮೇಲೆ ಕಳುಹಿಸಿ. ಕೊರತೆ ಹೇಳುವಾಗ ತಿದ್ದಿದ ಸುಳಿವನ್ನೂ ಜೊತೆಗೆ ಬರೆಯಿರಿ. ‘ಈ ಸುಳಿವು ಸರಿಯಿಲ್ಲ’ ಎನ್ನುವುದು ಯಾರಿಗೂ ಬರುತ್ತದೆ. ಅದನ್ನು ಸರಿಯಾಗಿ ಬರೆದು ತೋರಿಸಲು ಕುಳಿತಾಗ ಹೆಣೆದವನ ಕಷ್ಟ ತಿಳಿದು, ಅರ್ಧಕ್ಕರ್ಧ ದೂರುಗಳನ್ನು ನೀವೇ ಹೊಡೆದುಹಾಕುತ್ತೀರಿ.

ಉಳಿದ ಅರ್ಧದಲ್ಲಿ ಪತ್ರಿಕೆಗೆ ತಿಳಿಸಬೇಕಾದವು ಎರಡೇ ಬಗೆಯವು: ಸಂಗತಿಯ ತಪ್ಪು ಮತ್ತು ಚೌಕದ ತಪ್ಪು. ಊರನ್ನು ಬೇರೆ ಜಿಲ್ಲೆಗೆ ಸೇರಿಸಿದ್ದು, ಕೃತಿಯನ್ನು ಬೇರೆ ಕವಿಗೆ ಕೊಟ್ಟದ್ದು, ಆವರಣದ ಸಂಖ್ಯೆಗೂ ಮನೆಗಳಿಗೂ ತಾಳೆಯಾಗದ್ದು. ಸಂಪಾದಕರಿಗೆ ನಾಲ್ಕು ಸಾಲು ಸಾಕು: ದಿನಾಂಕ, ಸುಳಿವಿನ ಸಂಖ್ಯೆ, ಎಡದಿಂದ ಬಲಕ್ಕೋ ಮೇಲಿನಿಂದ ಕೆಳಕ್ಕೋ, ಏನು ತಪ್ಪು. ಅಭಿರುಚಿಯ ತಕರಾರುಗಳನ್ನು ಅದರಲ್ಲಿ ಸೇರಿಸಬೇಡಿ, ಅವಕ್ಕೆ ವಾಚನಾಲಯದ ಮಾಸ್ತರರು ಇದ್ದಾರೆ.